ಮಳೆಗಾಲದ ಅಣಬೆ: ಅದರ ಗುಣವೂ ಗಂಡಾಂತರವೂ

ಮೃಗಶಿರೆಯ ಮಳೆ ಬಿದ್ದು ನೆಲ ತಣಿದು, ಆರಿದ್ರೆಯ ಮೋಡಗಳು ಸಹ್ಯಾದ್ರಿಯ ನೆತ್ತಿಯ ಮೇಲೆ ಕವಿದವೆಂದರೆ, ಬೆಳಗಾವಿಯ ಪಡುವಣ ಸೀಮೆಯಲ್ಲಿ ಯಾರೂ ಬಿತ್ತದ, ಯಾರೂ ನೀರೆರೆಯದ ಬೆಳೆಯೊಂದು ತಾನಾಗಿ ತಲೆಯೆತ್ತುತ್ತದೆ. ನಿನ್ನೆ ಬರಿಯ ಕೆಂಪು ಮಣ್ಣಿದ್ದ ಎಡೆಯಲ್ಲಿ ಇಂದು ಬೆಳಗಾಗುವಷ್ಟರಲ್ಲಿ ಬೆಳ್ಳನೆಯ ಕೊಡೆಗಳು ಬಿಚ್ಚಿ ನಿಂತಿರುತ್ತವೆ. ಕನ್ನಡಿಗರು ಇದನ್ನು ಅಣಬೆಯೆಂದೂ, ಈ ಗಡಿಸೀಮೆಯ ಮರಾಠಿ ಮಾತಿನ ಮನೆಗಳವರು ಅಳಂಬಿಯೆಂದೂ, ಘಟ್ಟದ ಕೆಳಗಿನ ಗೋವೆಯವರು ಓಳ್ಮಿಯೆಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಛತ್ರಾಕ, ಕವಕ ಮೊದಲಾದ ಹೆಸರುಗಳುಂಟು. ತಿನ್ನಲು ಬಾರದವುಗಳನ್ನೆಲ್ಲ ನಮ್ಮ ಜನರು ನಾಯಿಕೊಡೆಯೆಂಬ ಒಂದೇ ಹೆಸರಿನಿಂದ ಕರೆದು ದೂರವಿರಿಸಿದ್ದಾರೆ.

ಹೆಸರುಗಳು ಹಲವಾದಂತೆ ಅಭಿಪ್ರಾಯಗಳೂ ಹಲವು. ಮನುಸ್ಮೃತಿಯು ಬೆಳ್ಳುಳ್ಳಿ, ಉಳ್ಳಾಗಡ್ಡಿಗಳೊಡನೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸಿರುವುದರಿಂದ ಕೆಲವು ಮನೆಗಳಲ್ಲಿ ಅದು ಹೊಸ್ತಿಲನ್ನೇ ದಾಟುವುದಿಲ್ಲ. ಬೇರೆ ಕೆಲವು ಮನೆಗಳಲ್ಲಿ ಅದು ಮಳೆಗಾಲದ ಹಬ್ಬದೂಟ. ಇತ್ತೀಚಿನ ವರ್ಷಗಳಲ್ಲಿಯಾದರೋ ಅಣಬೆಯು ಮಾಂಸಕ್ಕೆ ಸಮವೆಂದೂ, ಸಕಲ ರೋಗಗಳಿಗೂ ಮದ್ದೆಂದೂ ಹೊಗಳುವವರು ಹೆಚ್ಚಿದ್ದಾರೆ. ಹೀಗಿರಲು, ಸಂಸಾರವಂದಿಗರಾದ ನಾವು ಇದನ್ನು ಹೇಗೆ ಎಣಿಸಬೇಕು? ಅಣಬೆಯಲ್ಲಿ ಗುಣವಿರುವುದು ನಿಜ. ಆ ಗುಣವು ಹೊಗಳಿಕೆಗಿಂತ ಕಡಿಮೆಯೆಂಬುದೂ ನಿಜ. ಅದನ್ನು ಗುರುತಿಸಬಲ್ಲವರ ಕೈಯಿಂದ ಬಂದಲ್ಲದೆ ಆ ಗುಣವು ನಮಗೆ ದಕ್ಕುವುದಿಲ್ಲವೆಂಬುದು ಎಲ್ಲಕ್ಕಿಂತ ಹೆಚ್ಚಿನ ನಿಜ. ಈ ಮೂರು ಮಾತುಗಳನ್ನು ಬಿಡಿಸಿ ಹೇಳುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹುತ್ತದೊಳಗಿನ ತೋಟ

ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 50 ಅಂಗುಲ ಮಳೆಯಾಗುತ್ತದೆ. ಅಲ್ಲಿಂದ ಪಡುವಣಕ್ಕೆ ಹೋದಂತೆ ಮಳೆಯೂ ಹಸುರೂ ಬಲಿಯುತ್ತ ಹೋಗಿ, ಖಾನಾಪುರ ತಾಲೂಕಿನ ಜಾಂಬೋಟಿಯನ್ನು ದಾಟಿ ಮಲಪ್ರಭೆಯು ಹುಟ್ಟುವ ಕಣಕುಂಬಿಯನ್ನು ಸೇರುವಷ್ಟರಲ್ಲಿ ಅದು ಹಲವು ಪಟ್ಟಾಗಿರುತ್ತದೆ. ವೆಂಗುರ್ಲೆಯ ದಾರಿಯಲ್ಲಿ ನಗರದ ಅಂಚಿಗೇ ಇರುವ ಹಿಂಡಲಗಾ ಗ್ರಾಮವು ಈ ಎರಡು ಲೋಕಗಳ ನಡುವೆ ನಿಂತಿದೆ. ಒಂದು ಮಗ್ಗುಲಿಗೆ ಪೇಟೆಯ ಗದ್ದಲ. ಇನ್ನೊಂದು ಮಗ್ಗುಲಿಗೆ ಕೆಂಪು ಮಣ್ಣಿನ ಹೊಲಗಳು, ಬದುಗಳು, ಹುತ್ತಗಳು. ಇಂತಹ ಊರಿನ ಮನೆಗೆ ಅಣಬೆಯು ತನ್ನ ಹೊಲದ ಬದುವಿನಿಂದಲೂ ಬರಬಹುದು, ಕಾಡಂಚಿನ ಹಳ್ಳಿಯವರ ಬುಟ್ಟಿಯಿಂದಲೂ ಬರಬಹುದು. ಆದುದರಿಂದ ಇಲ್ಲಿಯ ಗೃಹಸ್ಥನಿಗೆ ಇದರ ತಿಳಿವಳಿಕೆ ಅವಶ್ಯವಾದುದು.

ಈ ಸೀಮೆಯಲ್ಲಿ ಬಹುಮಾನ್ಯವಾದುದು ಹುತ್ತದ ಅಣಬೆ. ಶಾಸ್ತ್ರಜ್ಞರು ಈ ವರ್ಗಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟಿದ್ದಾರೆ; ಫ್ರಾನ್ಸಿನ ಪಂಡಿತ ರೋಜೆ ಎಮ್ ಎಂಬವರು 1942ರಲ್ಲಿ ಕೊಟ್ಟ ಹೆಸರಿದು. ಇದರ ಜೀವನಕ್ರಮವು ಬಲು ಸೋಜಿಗದ್ದು. ಗೆದ್ದಲುಗಳು ಒಣಗಿದ ಕಟ್ಟಿಗೆ, ತರಗೆಲೆಗಳನ್ನು ತಿಂದರೂ ಅವುಗಳಲ್ಲಿರುವ ಕಠಿಣ ನಾರನ್ನು ತಾವಾಗಿ ಪೂರ್ತಿಯಾಗಿ ಜೀರ್ಣಿಸಿಕೊಳ್ಳಲಾರವು. ಆದಕಾರಣ ಅವು ಹುತ್ತದ ಒಳಕೋಣೆಗಳಲ್ಲಿ ತಮ್ಮ ಮಲದಿಂದ ಮಿದುವಾದ, ತೂತುತೂತಾದ ಹುಟ್ಟಿಗಳನ್ನು ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತವೆ. ಶಿಲೀಂಧ್ರವು ನಾರನ್ನು ಕರಗಿಸಿಕೊಡುತ್ತದೆ. ಗೆದ್ದಲುಗಳು ಅದರ ಬೆಳ್ಳನೆಯ ಚಿಕ್ಕ ಗಂಟುಗಳನ್ನೂ ಹದವಾದ ಹುಟ್ಟಿಯನ್ನೂ ತಿಂದು ಬದುಕುತ್ತವೆ. ಮನುಷ್ಯನು ಬೇಸಾಯವನ್ನು ಕಲಿತು ಸುಮಾರು ಹತ್ತು ಹನ್ನೆರಡು ಸಾವಿರ ವರ್ಷಗಳಾದುವು. ಗೆದ್ದಲಿನ ಈ ಒಕ್ಕಲುತನವಾದರೋ ಸುಮಾರು ಮೂರು ಕೋಟಿ ವರ್ಷಗಳಷ್ಟು ಹಳೆಯದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಮಳೆಯ ನೀರು ನೆಲದಾಳಕ್ಕೆ ಇಳಿದಾಗ ಆ ತೋಟದಿಂದ ಬೇರಿನಂತಹ ಉದ್ದನೆಯ ದಂಟೊಂದು ಮೇಲಕ್ಕೆ ಚಾಚಿ, ಮೊನಚಾದ ನೆತ್ತಿಯಿಂದ ಗಟ್ಟಿಮಣ್ಣನ್ನು ಕೊರೆದು ಹೊರಬಂದು ಕೊಡೆಯನ್ನು ಬಿಚ್ಚುತ್ತದೆ. ನಾವು ತಿನ್ನುವುದು ಈ ಕೊಡೆಯನ್ನು. ಮಲೆನಾಡಿನವರು ಹೆಗ್ಗಾಲಣಬೆಯೆನ್ನುವುದೂ, ಹುತ್ತದ ಸುತ್ತ ನೂರಾರು ಸಂಖ್ಯೆಯಲ್ಲಿ ನುಚ್ಚಕ್ಕಿ ಚೆಲ್ಲಿದಂತೆ ಏಳುವ ನುಚ್ಚಣಬೆಯೂ ಇದೇ ಕುಲದವು. ಇವುಗಳನ್ನು ಮನುಷ್ಯನು ತನ್ನ ತೋಟದಲ್ಲಿ ಬೆಳೆಸಿ ಮಾರಾಟ ಮಾಡುವ ಉಪಾಯವು ಈವರೆಗೆ ಕೈಗೂಡಿಲ್ಲ. ಗೆದ್ದಲಿಲ್ಲದೆ ಈ ಅಣಬೆಯಿಲ್ಲ. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಮ್ಮ ಜನರಿಗೆ ಹುತ್ತದ ಈ ಇನ್ನೊಂದು ಮಹಿಮೆಯನ್ನು ತಿಳಿದು ಸಂತೋಷವಾಗದಿರದು.

ಅಣಬೆಯಲ್ಲಿರುವ ಸತ್ತ್ವವೇನು?

ಹಸಿ ಅಣಬೆಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಪೇಟೆಯಲ್ಲಿ ಸಿಗುವ ಬೇಸಾಯದ ಬಿಳಿ ಗುಂಡಿ ಅಣಬೆಯನ್ನೇ ಉದಾಹರಣೆಗೆ ತೆಗೆದುಕೊಂಡರೆ, 100 ಗ್ರಾಮಿನಲ್ಲಿ ಸುಮಾರು 92 ಗ್ರಾಂ ನೀರು, 3 ಗ್ರಾಂ ಪ್ರೋಟೀನು, ಅರ್ಧ ಗ್ರಾಮಿಗಿಂತಲೂ ಕಡಿಮೆ ಕೊಬ್ಬು ಇರುತ್ತವೆ. ಅದರಿಂದ ದೊರೆಯುವ ಶಕ್ತಿಯು 22 ಕ್ಯಾಲರಿಗಳಷ್ಟು ಮಾತ್ರ. ಕಾಡಿನ ಅಣಬೆಗಳಲ್ಲಿ ಜಾತಿಗೂ ಮಣ್ಣಿಗೂ ಎಳೆತನಕ್ಕೂ ತಕ್ಕಂತೆ ಈ ಲೆಕ್ಕವು ಏರಿಳಿಯುತ್ತದೆ. ಒಣಗಿಸಿ ತೂಗಿದರೆ ಐದರಲ್ಲೊಂದು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗೆ ಪ್ರೋಟೀನು ಇರುವುದುಂಟು. ಕಾಯಿಪಲ್ಯಗಳ ಪಂಕ್ತಿಯಲ್ಲಿ ಇದು ಮೇಲಾದ ಸ್ಥಾನವೇ ಸರಿ. ಏಕೆಂದರೆ ದೇಹಕ್ಕೆ ಅವಶ್ಯವಾದ ಅಮೈನೋ ಆಮ್ಲಗಳಲ್ಲಿ ಹೆಚ್ಚಿನವು ಇದರಲ್ಲಿವೆ.

ಇದರ ಹೊರತು ಅಣಬೆಯಲ್ಲಿ ಬಿ ಜೀವಸತ್ತ್ವಗಳ ಗುಂಪಿಗೆ ಸೇರಿದ ರೈಬೋಫ್ಲೇವಿನ್, ನಯಾಸಿನ್, ಪ್ಯಾಂಟೊಥೆನಿಕ್ ಆಮ್ಲಗಳಿವೆ. ಅಕ್ಕಿ ಜೋಳಗಳನ್ನೇ ನೆಚ್ಚಿದ ಊಟಕ್ಕೆ ಇವು ಒಳ್ಳೆಯ ಜೊತೆ. ಪೊಟ್ಯಾಸಿಯಂ, ತಾಮ್ರ, ಸೆಲೆನಿಯಂ ಎಂಬ ಖನಿಜಗಳೂ ಉಂಟು. ಸೋಡಿಯಂ ಅಂಶವು ಬಹಳ ಕಡಿಮೆ. ಆದುದರಿಂದ ಉಪ್ಪನ್ನು ಮಿತಗೊಳಿಸಬೇಕಾದ ರಕ್ತದೊತ್ತಡದವರಿಗೂ, ಸ್ಥೂಲದೇಹಿಗಳಿಗೂ ಇದು ಒಪ್ಪುವ ಆಹಾರ. ಮೂತ್ರಪಿಂಡದ ರೋಗದಿಂದ ಪೊಟ್ಯಾಸಿಯಮ್ಮನ್ನು ವರ್ಜಿಸಬೇಕಾದವರು ಮಾತ್ರ ವೈದ್ಯರನ್ನು ಕೇಳದೆ ತಿನ್ನಬಾರದು.

ಡಿ ಜೀವಸತ್ತ್ವದ ವಿಷಯವಂತೂ ಸ್ವಾರಸ್ಯವಾದುದು. ಅಣಬೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಪದಾರ್ಥವಿದ್ದು, ಬಿಸಿಲು ಬಿದ್ದಾಗ ಅದು ಡಿ ಜೀವಸತ್ತ್ವವಾಗಿ ಮಾರ್ಪಡುತ್ತದೆ. ಕತ್ತಲೆಯಲ್ಲಿ ಬೆಳೆದ ಅಣಬೆಯನ್ನು ಸಹ ಹೋಳುಮಾಡಿ ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಹರವಿದರೆ ಈ ಜೀವಸತ್ತ್ವವು ಬಹಳವಾಗಿ ಹೆಚ್ಚುತ್ತದೆ. ಮೊಟ್ಟೆ ಮೀನುಗಳನ್ನು ಮುಟ್ಟದ ಮನೆಗಳಲ್ಲಿ ಊಟದಿಂದ ಡಿ ಜೀವಸತ್ತ್ವವು ಸಿಗುವ ದಾರಿಗಳು ಕೆಲವೇ, ಅವುಗಳಲ್ಲಿ ಇದೊಂದು.

ಇನ್ನು ಎರ್ಗೋಥಯೋನೀನ್ ಎಂಬುದೊಂದುಂಟು. ಫ್ರಾನ್ಸಿನ ರಸಾಯನಜ್ಞ ಶಾರ್ಲ್ ತಾನ್ರೇ ಎಂಬವರು 1909ರಲ್ಲಿ ಇದನ್ನು ಒಂದು ಶಿಲೀಂಧ್ರದಿಂದ ಬೇರ್ಪಡಿಸಿದರು. ನಮ್ಮ ಊಟದ ಪದಾರ್ಥಗಳಲ್ಲಿ ಅಣಬೆಯಷ್ಟು ಇದನ್ನು ಕೊಡುವಂಥವು ವಿರಳ. ಇದನ್ನು ಒಳಗೆ ಸೇರಿಸಿಕೊಳ್ಳುವುದಕ್ಕೆಂದೇ ಮನುಷ್ಯನ ಜೀವಕೋಶಗಳಲ್ಲಿ ಪ್ರತ್ಯೇಕವಾದ ದ್ವಾರವಿರುವುದು 2005ರಲ್ಲಿ ತಿಳಿದುಬಂದಿತು. ಜೀವಕೋಶಗಳು ಸವೆಯದಂತೆ ಕಾಯುವುದು ಇದರ ಕೆಲಸವಿರಬಹುದೆಂದು ವಿದ್ವಾಂಸರು ಪರಿಶೋಧನೆ ನಡೆಸಿದ್ದಾರೆ.

ಮಿತಿ ಮೀರಿದ ಹೊಗಳಿಕೆ

ಇಷ್ಟು ಹೇಳಿದ ಮೇಲೆ ಎದುರು ಲೆಕ್ಕವನ್ನೂ ಇಡುವುದು ನ್ಯಾಯ. ಒಣ ಅಣಬೆಯ ಪ್ರೋಟೀನನ್ನು ತೋರಿಸಿ ಮಾಂಸಕ್ಕೆ ಸಮವೆನ್ನುವವರು, ನಾವು ಉಣ್ಣುವುದು ಹಸಿ ಅಣಬೆಯನ್ನು ಎಂಬುದನ್ನು ಮರೆಯುತ್ತಾರೆ. ಒಂದು ಕೋಳಿಮೊಟ್ಟೆಯ ಪ್ರೋಟೀನನ್ನು ಪಡೆಯಲು ಸುಮಾರು 200 ಗ್ರಾಂ ಹಸಿ ಅಣಬೆಯನ್ನು ತಿನ್ನಬೇಕಾಗುತ್ತದೆ. 100 ಗ್ರಾಂ ತೊಗರಿಬೇಳೆಯಲ್ಲಿಯೋ 22 ಗ್ರಾಮಿನಷ್ಟು ಪ್ರೋಟೀನಿದೆ. ಹೀಗಾಗಿ ಮಕ್ಕಳ ಬೆಳವಣಿಗೆಗೆ ಬೇಳೆ, ಹಾಲು, ಶೇಂಗಾಗಳನ್ನು ಬಿಟ್ಟು ಅಣಬೆಯನ್ನು ನೆಚ್ಚುವುದು ತಪ್ಪು ಲೆಕ್ಕ. ಬಿ-12 ಜೀವಸತ್ತ್ವವನ್ನೂ ಸಿ ಜೀವಸತ್ತ್ವವನ್ನೂ ಇದರಿಂದ ನಿರೀಕ್ಷಿಸಲಾಗದು.

ಅಣಬೆಯಿಂದ ಅರ್ಬುದರೋಗವು ವಾಸಿಯಾಗುತ್ತದೆಂಬ ಮಾತಿಗೆ ಒಂದು ಮೂಲವಿದೆ. ಜಪಾನಿನಲ್ಲಿ ಶೀಟಾಕೆ ಎಂಬ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಪದಾರ್ಥವನ್ನು 1980ರ ದಶಕದಿಂದ ಜಠರದ ಅರ್ಬುದಕ್ಕೆ ಇತರ ಔಷಧಗಳ ಜೊತೆಯಲ್ಲಿ ಕೊಡಲು ಒಪ್ಪಿದರು. ಆದರೆ ಅದು ಶುದ್ಧೀಕರಿಸಿ ಸೂಜಿಯಿಂದ ಚುಚ್ಚುವ ಮದ್ದು. ತಾಟಿನಲ್ಲಿ ಬಡಿಸುವ ಪಲ್ಯವಲ್ಲ. ಪಲ್ಯದಿಂದ ರೋಗ ಹೋಗುವುದೆಂದು ನಂಬಿ ವೈದ್ಯರ ಚಿಕಿತ್ಸೆಯನ್ನು ತಡಮಾಡುವುದು ಪ್ರಾಣದೊಡನೆ ಆಟವಾಡಿದಂತೆ. ಅಣಬೆಯು ಒಳ್ಳೆಯ ಕಾಯಿಪಲ್ಯ. ಅದಕ್ಕೆ ಅಷ್ಟೇ ಮರ್ಯಾದೆ ಸಾಕು.

ವಿಷದ ಮಾತು

2022ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆಯನ್ನು ಬೇಯಿಸಿ ಉಂಡ 13 ಜನರು ಕೆಲವೇ ದಿನಗಳೊಳಗೆ ಅಸುನೀಗಿದರು. ಅವರಲ್ಲಿ ಹೆಚ್ಚಿನವರು ಚಹದ ತೋಟಗಳ ಬಡ ಸಂಸಾರಗಳವರು, ಮಕ್ಕಳೂ ಇದ್ದರು. ಮನೆಯ ಹತ್ತಿರದ ನೆಲದಲ್ಲಿ ಎದ್ದುದನ್ನು ಒಳ್ಳೆಯದೆಂದು ನಂಬಿ ತಂದು ಉಣ್ಣುವವರಿಗೆಲ್ಲ ಇದೊಂದು ಎಚ್ಚರಿಕೆ.

ಇಂತಹ ಸಾವುಗಳಿಗೆ ಮುಖ್ಯ ಕಾರಣವು ಅಮಾಟಾಕ್ಸಿನ್ ಎಂಬ ವಿಷ. ಅಮಾನಿಟ ವರ್ಗದ ಕೆಲವು ಅಣಬೆಗಳಲ್ಲಿಯೂ, ಲೆಪಿಯೋಟ ವರ್ಗದ ಕೆಲವು ಚಿಕ್ಕ ಅಣಬೆಗಳಲ್ಲಿಯೂ ಇದು ಇರುತ್ತದೆ. ಇದರ ಕ್ರೂರತನವು ಮೂರು ಬಗೆಯದು. ಮೊದಲನೆಯದಾಗಿ, ಎಷ್ಟು ಕುದಿಸಿದರೂ ಹುರಿದರೂ ಒಣಗಿಸಿದರೂ ಅದು ಕೆಡುವುದಿಲ್ಲ. ಎರಡನೆಯದಾಗಿ, ತಿಂದೊಡನೆ ಏನೂ ತೋರುವುದಿಲ್ಲ. 6ರಿಂದ 24 ಗಂಟೆಗಳು ಕಳೆದ ಮೇಲೆ ವಾಂತಿಭೇದಿಗಳು ಮೊದಲಾಗುತ್ತವೆ. ಅಷ್ಟು ಹೊತ್ತಿಗೆ ವಿಷವು ರಕ್ತಕ್ಕೆ ಸೇರಿರುತ್ತದೆ. ಮೂರನೆಯದಾಗಿ, ಒಂದು ದಿನದ ನಂತರ ವಾಂತಿಭೇದಿಗಳು ನಿಂತು ರೋಗಿಯು ಚೇತರಿಸಿಕೊಂಡಂತೆ ಕಾಣುತ್ತಾನೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಹೊತ್ತಿನಲ್ಲಿಯೇ ಯಕೃತ್ತು ಒಳಗೊಳಗೆ ನಾಶವಾಗುತ್ತಿದ್ದು, ಮೂರನೆಯ ಇಲ್ಲವೆ ನಾಲ್ಕನೆಯ ದಿನ ಕಾಮಾಲೆ ತೋರಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಈ ಕುಲದ ಅತಿ ಕೆಟ್ಟ ಜಾತಿಯ ಒಂದೇ ಅಣಬೆಯು ಬೆಳೆದ ಮನುಷ್ಯನನ್ನು ಕೊಲ್ಲಬಲ್ಲದು. ಮಗುವಿಗೆ ಅದಕ್ಕಿಂತ ಕಡಿಮೆಯೇ ಸಾಕು.

ಎಲ್ಲ ವಿಷವೂ ಕೊಲ್ಲುವಂಥದಲ್ಲ. ಹುಲ್ಲುನೆಲಗಳಲ್ಲಿ ಏಳುವ, ಅಗಲವಾದ ಬಿಳಿ ಕೊಡೆಯ, ಬಲಿತ ಮೇಲೆ ಕೊಡೆಯ ಅಡಿಯ ಪದರುಗಳು ಹಸುರಾಗುವ ಒಂದು ಅಣಬೆಯು ತಿಂದ ಮೂರು ಗಂಟೆಗಳೊಳಗಾಗಿ ಭಯಂಕರ ವಾಂತಿಯನ್ನುಂಟುಮಾಡುತ್ತದೆ. ಎಳೆಯದಿದ್ದಾಗ ಅದರ ಪದರುಗಳೂ ಬೆಳ್ಳಗೇ ಇರುವುದರಿಂದ ಅದು ಒಳ್ಳೆಯ ಅಣಬೆಯಂತೆಯೇ ತೋರುತ್ತದೆ. ಎಳೆಯ ಮೊಗ್ಗುಗಳನ್ನು ಕೀಳಬಾರದೆಂಬುದಕ್ಕೆ ಇದೂ ಒಂದು ಕಾರಣ.

ಮನೆಯ ಪರೀಕ್ಷೆಗಳು ಏಕೆ ಸಲ್ಲವು

ವಿಷದ ಅಣಬೆಯೊಡನೆ ಬೆಳ್ಳಿಯ ನಾಣ್ಯವನ್ನು ಬೇಯಿಸಿದರೆ ಅದು ಕಪ್ಪಾಗುವುದೆಂದೂ, ಬೆಳ್ಳುಳ್ಳಿ ಅಥವಾ ಅಕ್ಕಿಯ ಬಣ್ಣವು ಮಾರ್ಪಡುವುದೆಂದೂ, ಹುಳು ತಿಂದಿದ್ದರೆ ಮನುಷ್ಯನೂ ತಿನ್ನಬಹುದೆಂದೂ, ಬಣ್ಣದ ಅಣಬೆ ಮಾತ್ರ ಕೆಟ್ಟದ್ದು, ಬಿಳಿಯದು ಒಳ್ಳೆಯದೆಂದೂ ಹಲವು ನಂಬಿಕೆಗಳು ಪ್ರಚಾರದಲ್ಲಿವೆ. ಇವುಗಳಲ್ಲಿ ಒಂದೂ ನಂಬತಕ್ಕುದಲ್ಲ. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಅಂಶ. ಅಮಾಟಾಕ್ಸಿನ್ನಿಗೂ ಬೆಳ್ಳಿಗೂ ಸಂಬಂಧವಿಲ್ಲ. ನಮಗೆ ವಿಷವಾದುದನ್ನು ಹುಳುಗಳೂ ಬಸವನಹುಳುಗಳೂ ಸುಖವಾಗಿ ತಿನ್ನುತ್ತವೆ. ಅತ್ಯಂತ ಘಾತುಕವಾದ ಅಮಾನಿಟಗಳಲ್ಲಿ ಕೆಲವು ಹಾಲಿನಂತೆ ಬೆಳ್ಳಗಿವೆ. ಅವುಗಳ ರುಚಿಯೂ ಕೆಟ್ಟದ್ದಲ್ಲವೆಂದು ತಿಂದು ಬದುಕಿದವರು ಹೇಳಿದ್ದಾರೆ.

ಹಾಗಾದರೆ ಬಲ್ಲವರು ಹೇಗೆ ಗುರುತಿಸುತ್ತಾರೆ? ಅವರು ಒಂದೇ ಲಕ್ಷಣವನ್ನು ನೆಚ್ಚುವುದಿಲ್ಲ. ಯಾವ ಮಳೆಯ ನಕ್ಷತ್ರದಲ್ಲಿ, ಯಾವ ಹುತ್ತದ ಮಗ್ಗುಲಲ್ಲಿ, ಹೋದ ವರ್ಷ ಎದ್ದ ಎಡೆಯಲ್ಲಿಯೇ ಎದ್ದಿದೆಯೇ; ನೆತ್ತಿಯಲ್ಲಿ ಮೊನೆಯಿದೆಯೇ; ದಂಟು ಗಟ್ಟಿಯಾದ ನಾರಿನಿಂದ ಕೂಡಿ ಬೇರಿನಂತೆ ಆಳಕ್ಕೆ ಇಳಿದಿದೆಯೇ; ಅಡಿಯ ಪದರುಗಳು ಬಲಿತಂತೆ ನಸುಗೆಂಪಾಗುತ್ತವೆಯೇ; ವಾಸನೆ ಎಂತಹುದು, ಇವೆಲ್ಲವನ್ನೂ ಒಟ್ಟುಗೂಡಿಸಿ ನೋಡುತ್ತಾರೆ. ಅಮಾನಿಟದ ಬುಡದಲ್ಲಿ ಚೀಲದಂತಹ ಬಟ್ಟಲೊಂದು ಮಣ್ಣಿನೊಳಗೆ ಅಡಗಿರುತ್ತದೆ. ನೆಲಮಟ್ಟಕ್ಕೆ ಮುರಿದು ತಂದ ಅಣಬೆಯಲ್ಲಿ ಈ ಗುರುತು ತಪ್ಪಿಹೋಗುತ್ತದೆ. ಇತ್ತ ಮೊನಚು ನೆತ್ತಿಯೂ ನಸುಗೆಂಪು ಪದರೂ ಇರುವ ವಿಷದ ಜಾತಿಗಳೂ ಬೇರೆ ಇವೆ. ಆದುದರಿಂದ ವಾಚಕರು ಈ ವಾಕ್ಯಗಳನ್ನು ಓದಿಕೊಂಡು ಹೊಲಕ್ಕೆ ಹೊರಡಬಾರದೆಂದು ನಮ್ಮ ವಿನಂತಿ. ಈ ವಿದ್ಯೆಯು ಕಾಗದದಿಂದ ಬರುವುದಲ್ಲ. ಹುತ್ತದ ಬಳಿಯಲ್ಲಿ ನಿಂತು, ಬಲ್ಲವರ ಕೈಯಿಂದ ಕೈಗೆ, ಹಲವು ಮಳೆಗಾಲಗಳಲ್ಲಿ ಬರತಕ್ಕುದು. ಕಾಡಂಚಿನ ಅಜ್ಜಿಯೊಬ್ಬಳು ತನ್ನ ಸೊಸೆಗೂ ಮೊಮ್ಮಗಳಿಗೂ ಕಲಿಸುವ ಈ ತಿಳಿವಳಿಕೆಯೇ ಅಣಬೆಯಲ್ಲಿರುವ ಯಾವ ಜೀವಸತ್ತ್ವಕ್ಕಿಂತಲೂ ಬೆಲೆಯುಳ್ಳದ್ದು.

ಅಡುಗೆಯ ಮನೆಯಲ್ಲಿ

ಗೃಹಿಣಿಯರು ಮನಸ್ಸಿನಲ್ಲಿಡಬೇಕಾದ ನಿಯಮಗಳು ಕೆಲವೇ. ತಾವು ಬಲ್ಲ, ತಲೆಮಾರುಗಳಿಂದ ಆ ಸೀಮೆಯಲ್ಲಿ ತಿಂದು ಬಂದ ಒಂದೆರಡು ಜಾತಿಗಳನ್ನಲ್ಲದೆ ಬೇರೆಯದನ್ನು ಮುಟ್ಟಬಾರದು. ಬುಟ್ಟಿಯಿಂದ ಕೊಳ್ಳುವಾಗ ಎಲ್ಲಿ ಕಿತ್ತದ್ದು, ಯಾವಾಗ ಕಿತ್ತದ್ದು ಎಂದು ಕೇಳಬೇಕು. ಹಲವು ಜಾತಿಗಳು ಬೆರೆತ ರಾಶಿಯನ್ನೂ, ಚೂರಾದುದನ್ನೂ ಕೊಳ್ಳಬಾರದು. ಒಂದರಲ್ಲಿ ಸಂಶಯ ಬಂದರೂ ಇಡೀ ರಾಶಿಯನ್ನು ಚೆಲ್ಲಿಬಿಡುವುದು ಜಾಣತನ; ಹೋದ ಹಣ ಮತ್ತೆ ಬಂದೀತು.

ಮೋಟಾರುಗಳು ಓಡಾಡುವ ರಸ್ತೆಯ ಮಗ್ಗುಲಲ್ಲಿ, ಕಸದ ತಿಪ್ಪೆಗಳಲ್ಲಿ, ಕೀಟನಾಶಕ ಸಿಂಪಡಿಸಿದ ಹೊಲಗಳಲ್ಲಿ ಎದ್ದ ಅಣಬೆಯು ಒಳ್ಳೆಯ ಜಾತಿಯದಾದರೂ ತ್ಯಾಜ್ಯ. ಅಣಬೆಗೆ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ, ಪಾದರಸಗಳಂತಹ ಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುವ ಸ್ವಭಾವವಿದೆ. ನಗರವು ದಿನದಿನಕ್ಕೆ ಸಮೀಪಿಸುತ್ತಿರುವ ಹಿಂಡಲಗಾದಂತಹ ಊರುಗಳವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ತಂದ ದಿನವೇ ಅಡುಗೆ ಮಾಡಬೇಕು. ಮಣ್ಣನ್ನು ಕೆರೆದು, ಬೇಗಬೇಗನೆ ಎರಡು ಮೂರು ನೀರಿನಲ್ಲಿ ತೊಳೆಯಬೇಕು; ನೆನೆಯಿಡಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಬೆವತು ಕೊಳೆಯುತ್ತದೆ. ಅಣಬೆಯ ಒಡಲು ಕೈಟಿನ್ ಎಂಬ ಪದಾರ್ಥದಿಂದಾದುದು. ಸಿಗಡಿ ಏಡಿಗಳ ಚಿಪ್ಪಿನಲ್ಲಿರುವುದೂ ಇದೇ. ಇದು ಸುಲಭವಾಗಿ ಜೀರ್ಣವಾಗದು. ಆದುದರಿಂದ ಹಸಿಯಾಗಿ ತಿನ್ನದೆ, ಒಗ್ಗರಣೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿಗಳೊಡನೆ ಬಾಡಿಸಿ, ಕೊಬ್ಬರಿಯ ಮಸಾಲೆ ಹಾಕಿ, ಕಾಲು ಗಂಟೆಗೆ ಕಡಿಮೆಯಿಲ್ಲದೆ ಬೇಯಿಸಿ, ಬಿಸಿಯಾಗಿ ಜೋಳದ ರೊಟ್ಟಿಯೊಡನೆಯೋ ಅನ್ನದೊಡನೆಯೋ ಉಣ್ಣಬೇಕು. ಮೊದಲ ಸಲ ತಿನ್ನುವವರು ಎರಡು ತುತ್ತಿಗೆ ನಿಲ್ಲಿಸಬೇಕು. ಒಳ್ಳೆಯ ಅಣಬೆಯೂ ಕೆಲವರ ಮೈಗೆ ಒಗ್ಗುವುದಿಲ್ಲ. ಸಣ್ಣ ಮಕ್ಕಳಿಗೂ ಗರ್ಭಿಣಿಯರಿಗೂ ಕಾಡಣಬೆಯನ್ನು ಬಡಿಸದಿರುವುದು ಮೇಲು. ಅಡುಗೆಗೆ ಮುಂಚೆ ಒಂದು ಅಣಬೆಯನ್ನು ಬುಡಸಹಿತ ಕಾಗದದಲ್ಲಿ ಸುತ್ತಿ ತೆಗೆದಿಟ್ಟರೆ ಆಪತ್ಕಾಲದಲ್ಲಿ ವೈದ್ಯರಿಗೆ ದಾರಿ ತೋರುತ್ತದೆ.

ಉಂಡ ಮೇಲೆ ವಾಂತಿ, ಭೇದಿ, ತಲೆಸುತ್ತು, ಹೊಟ್ಟೆನೋವುಗಳಲ್ಲಿ ಯಾವುದು ತೋರಿದರೂ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಉಳಿದ ಅಡುಗೆಯನ್ನೂ ಹಸಿ ಅಣಬೆಯನ್ನೂ ಜೊತೆಗೊಯ್ದು, ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಹೋಗಬೇಕು. 108 ಸಂಖ್ಯೆಗೆ ಫೋನು ಮಾಡಿದರೆ ರೋಗಿವಾಹನವು ಬರುತ್ತದೆ. ಜೊತೆಯಲ್ಲಿ ಉಂಡವರೆಲ್ಲರನ್ನೂ, ಅವರು ಚೆನ್ನಾಗಿರುವಂತೆ ಕಂಡರೂ, ಕರೆದೊಯ್ಯಬೇಕು. ಊಟಕ್ಕೂ ವಾಂತಿಗೂ ನಡುವೆ ಆರು ಗಂಟೆಗಳಿಗಿಂತ ಹೆಚ್ಚು ಕಳೆದಿದ್ದರೆ ಅದನ್ನು ಮರೆಯದೆ ವೈದ್ಯರಿಗೆ ತಿಳಿಸಬೇಕು. ವಾಂತಿ ನಿಂತಿತೆಂದು ಹಿಂದಿರುಗಿ ಬರಬಾರದು.

ಹುತ್ತವನ್ನು ಉಳಿಸುವ ಮಾತು

ಖಾನಾಪುರ ತಾಲೂಕಿನ ಕಾಡಿನ ಒಂದು ಭಾಗವು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದರ ಮೇರೆಯೊಳಗಿಂದ ಅನುಮತಿಯಿಲ್ಲದೆ ಕಾಡಿನ ಉತ್ಪನ್ನಗಳನ್ನು ತರುವುದು ಅಪರಾಧ. ಪೇಟೆಯಿಂದ ವಾಹನ ಹತ್ತಿ ಅಣಬೆಗೆಂದು ಹೊರಡುವವರು ಇದನ್ನು ತಿಳಿದಿರಬೇಕು. ನಮ್ಮ ಹೊಲದ ಬದುಗಳಲ್ಲಿಯೂ ಕೆಲವು ಮರ್ಯಾದೆಗಳನ್ನು ಪಾಲಿಸಬೇಕಾಗಿದೆ. ಹುತ್ತವನ್ನು ಅಗೆದು ಒಡೆದರೆ ಒಳಗಿನ ತೋಟವೇ ಹಾಳಾಗಿ ಮುಂದಿನ ವರ್ಷದ ಬೆಳೆ ಇಲ್ಲದಂತಾಗುತ್ತದೆ. ಕೊಡೆ ಬಿಚ್ಚದ ಮೊಗ್ಗುಗಳನ್ನೆಲ್ಲ ಬಾಚಿಕೊಂಡರೆ ಬೀಜಕಣಗಳು ಹರಡಲು ಎಡೆಯಿರುವುದಿಲ್ಲ. ನೆರೆಯ ಗೋವೆಯಲ್ಲಿ ಹುತ್ತದ ಅಣಬೆಯನ್ನು ಮಿತಿಮೀರಿ ಕೀಳುವುದರ ವಿರುದ್ಧ ಅಲ್ಲಿಯ ವಿಜ್ಞಾನಿಗಳು ಬಹುಕಾಲದಿಂದ ಎಚ್ಚರಿಸುತ್ತಿದ್ದಾರೆ. ಎದ್ದುದರಲ್ಲಿ ಒಂದು ಪಾಲನ್ನು ನೆಲಕ್ಕೇ ಬಿಡುವುದು ಒಕ್ಕಲಿಗನು ಬಿತ್ತನೆಗೆ ಕಾಳು ಉಳಿಸಿದಂತೆ.

ಕಾಡಣಬೆಯನ್ನು ಗುರುತಿಸುವವರು ಮನೆಯಲ್ಲಿಲ್ಲವೆಂದು ಅಣಬೆಯ ಗುಣದಿಂದ ವಂಚಿತರಾಗಬೇಕಿಲ್ಲ. ಬತ್ತದ ಹುಲ್ಲನ್ನು ನೆನೆಯಿಟ್ಟು, ಬಿಸಿನೀರಿನಲ್ಲಿ ಹದಗೊಳಿಸಿ, ಚೀಲಗಳಲ್ಲಿ ಪದರುಪದರಾಗಿ ತುಂಬುತ್ತ ಅಣಬೆಬೀಜವನ್ನು ಸೇರಿಸಿ ನೆರಳಿನಲ್ಲಿಟ್ಟರೆ ಎರಡು ಮೂರು ವಾರಗಳಲ್ಲಿ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಚೀಲವನ್ನು ಸೀಳಿ ನೀರು ಚಿಮುಕಿಸುತ್ತಿದ್ದರೆ ಚಿಪ್ಪಿನಾಕಾರದ ಅಣಬೆಗಳು ಗೊಂಚಲಾಗಿ ಏಳುತ್ತವೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ಬೇಸಾಯದಲ್ಲಿ ಬಹುಕಾಲದಿಂದ ಕೆಲಸ ಮಾಡಿದೆ. ಹುತ್ತದ ಅಣಬೆಯ ರುಚಿ ಇದಕ್ಕೆ ಬಾರದಿದ್ದರೂ ಸತ್ತ್ವದಲ್ಲಿ ಇದು ಹೆಚ್ಚು ಹಿಂದೆ ಬೀಳುವುದಿಲ್ಲ, ಭಯವೂ ಇಲ್ಲ.

ಬಲ್ಲವರು ಇರುವ ಮನೆಗಳಲ್ಲಿ ಆ ತಿಳಿವಳಿಕೆಯು ಅವರೊಡನೆಯೇ ಕಳೆದುಹೋಗದಂತೆ ಎಳೆಯರು ಅವರ ಬೆನ್ನು ಹತ್ತಿ ಕಲಿಯಲಿ. ಬಲ್ಲವರಿಲ್ಲದ ಮನೆಗಳವರು ಕಾಡಿನ ಕೊಡೆಯನ್ನು ಕಣ್ಣಿನಿಂದ ನೋಡಿ ತಣಿದು, ಬೇಸಾಯದ ಅಣಬೆಯನ್ನು ಉಣ್ಣಲಿ. ಮಳೆಗಾಲವು ವರ್ಷವರ್ಷವೂ ಬರುತ್ತದೆ, ಅಣಬೆಯೂ ವರ್ಷವರ್ಷವೂ ಏಳುತ್ತದೆ. ಊಟದ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಮುಂದಿನ ಮಳೆಗಾಲಕ್ಕೂ ಸುಖವಾಗಿರಬೇಕಾದುದು ಮುಖ್ಯ.